ಸಹಾಯ ಬೇಕು: ಮ್ಯಾರಥಾನ್‌ಗೆ ಎರಡೇ ವಾರ, ತಪ್ಪಿದ ಲಾಂಗ್ ರನ್ ಈಗ ಓಡಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಮೊದಲ ಸಲ ಪೂರ್ತಿ 42.195 ಕಿ.ಮೀ. ಓಡಲಿದ್ದೇನೆ.

ಕೊನೆಯ 32 ಕಿ.ಮೀ. ಓಟ ಕಳೆದ ಭಾನುವಾರ ಆಗಬೇಕಿತ್ತು. ಮನೆಯಲ್ಲಿ ದೈವದ ನೇಮ (ಭೂತಕೋಲ), ರಾತ್ರಿಯಿಡೀ ನಿದ್ದೆ ಇಲ್ಲ, ಓಟ ಆಗಲೇ ಇಲ್ಲ. ಅದಕ್ಕೂ ಮೊದಲು ಮಲ್ಪೆ ಕಡೆ 28ರವರೆಗೆ ಆರಾಮಾಗಿ ಓಡಿದ್ದೆ. ಈ ವಾರ ದೂರ ಕಡಿಮೆ ಮಾಡಿದ್ದೇನೆ, ರೇಸ್ ವೇಗದ ಸಣ್ಣ ಓಟ ಮಾತ್ರ ಬಿಟ್ಟಿಲ್ಲ. ವಿಚಿತ್ರ ಅಂದ್ರೆ, ಕಡಿಮೆ ಓಡಿದಷ್ಟೂ ಕಾಲು ಜಾಸ್ತಿ ಭಾರ ಅನಿಸುತ್ತಿದೆ! ಬಲ ಮೀನಖಂಡವೂ ಬಿಗಿ. ಫೋಮ್ ರೋಲರ್ ಉರುಳಿಸಿ ಉಜ್ಜಿದ್ದೂ ಆಯಿತು, ಅಮ್ಮ ಬಿಸಿ ಎಣ್ಣೆ ತಿಕ್ಕಿದ್ದೂ ಆಯಿತು. ನೋವಂತೂ ಇಲ್ಲ.

ಕೊನೆಯ ಎರಡು-ಮೂರು ವಾರ ಟೇಪರ್ (ರೇಸ್‌ಗೆ ಮುಂಚೆ ಓಟ ಕಡಿಮೆ ಮಾಡುತ್ತಾ ಹೋಗುವುದು), ಈಗ ಉದ್ದ ಓಡಿದರೆ ಲಾಭಕ್ಕಿಂತ ಸುಸ್ತೇ ಜಾಸ್ತಿ ಅಂತ ಓದಿದ್ದೇನೆ. ಜೊತೆಗೆ ಓಡುವ ಗೆಳೆಯ ಮಾತ್ರ "30 ದಾಟದೆ ಹೋದ್ರೆ ಮುಂಬೈಯ ಪೆಡ್ಡರ್ ರೋಡಿನ ಏರಿನಲ್ಲಿ ಕೂತುಬಿಡ್ತೀಯ ಮಾರಾಯ" ಅಂತ ಹೆದರಿಸುತ್ತಿದ್ದಾನೆ.

ಈ ಭಾನುವಾರ 30 ಓಡಲಾ, ಅಥವಾ 16-18ಕ್ಕೆ ನಿಲ್ಲಿಸಲಾ? ಮಣಿಪಾಲದ ಏರು ಹತ್ತುವುದನ್ನು ಈಗ ಬಿಟ್ಟುಬಿಡಬೇಕಾ? ಫುಲ್ ಮ್ಯಾರಥಾನ್ ಮುಗಿಸಿದವರು ದಯವಿಟ್ಟು ಹೇಳಿ.