ಅಟ್ಲಾಸ್ ಬೆಟ್ಟದಿಂದ ಮೆರ್ಜೂಗಾದ ಮರಳಿನವರೆಗೆ: ಮೂರು ದಿನ ಸಾಕೇ, ಆರು ದಿನ ಬೇಕೇ?

ಕಕ್ಕಬ್ಬೆ ತೋಟ:

ಎಲ್ಲರಿಗೂ ನಮಸ್ಕಾರ. 2027ರ ಏಪ್ರಿಲ್ ಕೊನೆಯ ವಾರದಲ್ಲಿ ನಾವು ನಾಲ್ವರು ಮೊರಾಕೊಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಅಷ್ಟರಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಮುಗಿದು, ಹೂವಿಗೂ, ಹೂವಿನ ನಂತರದ ಬ್ಯಾಕಿಂಗ್‌ಗೂ ಸ್ಪ್ರಿಂಕ್ಲರ್ ಹಾಯಿಸಿ ಆಗಿರುತ್ತದೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಮುಗಿದಿರುತ್ತದೆ. ನಾಲ್ಕನೆಯವರು 68 ವರ್ಷದ ನನ್ನ ತಾಯಿ. ಅವರಿಗೆ ಮಂಡಿನೋವಿದೆ, ಆದರೂ ದಿನವೂ ತೋಟದ ಏರಿಳಿತದಲ್ಲಿ ಒಂದು ಸುತ್ತು ಹಾಕುವವರು. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವ ಮಾತನ್ನು ಯಾರೂ ಎತ್ತುವಂತಿಲ್ಲ.

ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಇತರ ಪ್ರವಾಸಿಗರ ಜೊತೆ ವ್ಯಾನಿನಲ್ಲಿ ಮರ್ರಾಕೆಶ್‌ನಿಂದ ಹೊರಟು, ಬೆಟ್ಟ ದಾಟಿ, ಮೆರ್ಜೂಗಾದ ಮರುಭೂಮಿಯಲ್ಲಿ ಒಂದು ರಾತ್ರಿ ಕಳೆದು, ಮೂರನೆಯ ಸಂಜೆ ಫೆಸ್ ನಗರ ಸೇರುವುದು. ಇನ್ನೊಂದು, ಅದೇ ದಾರಿಯನ್ನು ಅಲ್ಲಿನ ಮೂಲನಿವಾಸಿಗಳಾದ ಬರ್ಬರ್ ಜನರ ಮಾರ್ಗದರ್ಶಿಯೊಬ್ಬರ ಜೊತೆ ನಮ್ಮದೇ ಗಾಡಿಯಲ್ಲಿ ಆರು ದಿನ ಸಾಗುವುದು. ಅದರ ಖರ್ಚು ಮೊದಲನೆಯದರ ಎರಡು ಪಟ್ಟಿಗಿಂತ ಹೆಚ್ಚು. ಮನೆಯಲ್ಲಿ ಎರಡು ಕೋಣೆಯ ಹೋಂಸ್ಟೇ ನಡೆಸುವ ನಾನು, ತಲಕಾವೇರಿ, ಅಬ್ಬಿ ಜಲಪಾತ, ದುಬಾರೆ, ಬೈಲುಕುಪ್ಪೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಬರುವ ಅತಿಥಿಗಳನ್ನು ಕಂಡು ಒಳಗೊಳಗೇ ನಗುತ್ತಿರುತ್ತೇನೆ. ಈಗ ಅದೇ ಕೆಲಸವನ್ನು ನಾನೇ ಮಾಡಲು ಹೊರಟಿದ್ದೇನೆಯೇ ಎಂಬ ಅನುಮಾನ ಬಂದಿದೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಮಡಿಕೇರಿ ಮಂಜು:

ನಮಸ್ಕಾರ ಅಣ್ಣ. ನಾನು 2024ರ ಅಕ್ಟೋಬರ್‌ನಲ್ಲಿ ಆ ಮೂರು ದಿನದ ಪ್ರವಾಸವನ್ನೇ ಮಾಡಿ ಬಂದವಳು. ಮರ್ರಾಕೆಶ್‌ನಿಂದ ಮೆರ್ಜೂಗಾಕ್ಕೆ ಸುಮಾರು 560 ಕಿಲೋಮೀಟರ್, ಅಲ್ಲಿಂದ ಫೆಸ್‌ಗೆ ಸುಮಾರು 470. ಮೂರು ಹಗಲಿನಲ್ಲಿ ಸಾವಿರ ಕಿಲೋಮೀಟರ್‌ಗೂ ಮಿಕ್ಕಿ ವ್ಯಾನಿನ ಸೀಟಿನಲ್ಲಿ ಕುಳಿತಿರಬೇಕೆಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಮೊದಲ ದಿನವೇ ಹೈ ಅಟ್ಲಾಸ್ ದಾಟುತ್ತೀರಿ. ತಿಜಿ ನ್ ತಿಚ್ಕಾ ಎಂಬ ಆ ಘಾಟಿಯ ರಸ್ತೆ 2,260 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ನಿಮ್ಮ ಮನೆಯ ಬೆನ್ನಿಗಿರುವ ತಡಿಯಂಡಮೋಳ್ ನೆತ್ತಿಗಿಂತ ಐನೂರು ಮೀಟರ್ ಮೇಲೆ. ಸಂಪಾಜೆ ಘಾಟಿಯಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುವವರು ಅಲ್ಲಿಗೂ ನಾಲ್ಕು ಹಣ್ಣು ಒಯ್ಯುವುದು ಒಳ್ಳೆಯದು. ಭಾಗಮಂಡಲದಿಂದ ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ನಮ್ಮಲ್ಲಿ ಮಳೆ ಹೇಗೆ ತೆಳುವಾಗುತ್ತದೆಯೋ, ಅಲ್ಲಿಯೂ ಉತ್ತರದ ಇಳಿಜಾರಿನ ಹಸಿರು ಘಾಟಿಯ ಆಚೆಗೆ ಹಾಗೆಯೇ ಕಳಚಿಹೋಗಿ, ಒಂದು ಗಂಟೆಯೊಳಗೆ ಕೆಂಪು ಮಣ್ಣು, ಬೋಳು ಕಲ್ಲು ಮತ್ತು ಹೊಳೆಯ ದಂಡೆಯ ಖರ್ಜೂರದ ಮರಗಳಷ್ಟೇ ಉಳಿಯುತ್ತವೆ.

ಅದರ ತಪ್ಪಲಿನಲ್ಲಿ ಐತ್ ಬೆನ್ ಹದ್ದು ಇದೆ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಗೋಡೆಯಿಂದ ಗೋಪುರದವರೆಗೆ ಮಣ್ಣಿನಲ್ಲಿಯೇ ಕಟ್ಟಿದ ಕೋಟೆ ಊರು. ಒದ್ದೆ ಮಣ್ಣನ್ನು ಹಲಗೆಗಳ ನಡುವೆ ತುಂಬಿ ಕುಟ್ಟಿ ಎಬ್ಬಿಸಿದ ಗೋಡೆಯಲ್ಲಿ ಹಲಗೆ ಹಿಡಿದಿದ್ದ ಮರದ ತುಂಡುಗಳ ತೂತುಗಳು ಇನ್ನೂ ಸಾಲಾಗಿ ಕಾಣುತ್ತವೆ. ಒಂದು ತೂತಿನಲ್ಲಿ ಗುಬ್ಬಿಯೊಂದು ಗೂಡು ಕಟ್ಟಿತ್ತು. ನಮ್ಮ ಆಷಾಢದ ಒಂದು ವಾರದ ಮಳೆ ಅಲ್ಲಿ ಸುರಿದರೆ ಊರೇ ಕರಗೀತು ಎಂದು ನಾನು ಹೇಳಿದಾಗ, ಮಳೆ ಬಂದಾಗಲೆಲ್ಲ ಮಣ್ಣು ಮೆತ್ತುತ್ತಲೇ ಇರಬೇಕು ಎಂದು ಅಲ್ಲಿನ ಮುದುಕರೊಬ್ಬರು ನಕ್ಕರು. ಅವರ ಜೊತೆ ಇನ್ನೂ ಮಾತನಾಡಬೇಕೆನ್ನುವಾಗಲೇ ವ್ಯಾನಿನ ಹಾರ್ನ್ ಕೂಗಿತು.

ನನ್ನ ಸಿಟ್ಟು ಇರುವುದು ಎರಡನೆಯ ದಿನದ ಮೇಲೆ. ಮುನ್ನೂರು ಮೀಟರ್ ಎತ್ತರದ ಬಂಡೆಗೋಡೆಗಳು ಒಂದೆಡೆ ಹತ್ತು ಮೀಟರ್ ಅಂತರಕ್ಕೆ ಹತ್ತಿರವಾಗುವ ತೊದ್ರಾ ಕಮರಿಯಲ್ಲಿ ನಮಗೆ ದೊರೆತದ್ದು ಇಪ್ಪತ್ತು ನಿಮಿಷ. ಅದಕ್ಕೂ ಮೊದಲು ರತ್ನಗಂಬಳಿಯ ಅಂಗಡಿಯೊಂದರಲ್ಲಿ ಕೂಡಿಹಾಕಿದ್ದು ಒಂದೂವರೆ ಗಂಟೆ. ನಾವು ಹಣ ಕೊಟ್ಟ ಸಂಸ್ಥೆಯವರನ್ನು ಕೇಳಿದರೆ ‘ಕಾರ್ಯಕ್ರಮದಲ್ಲಿ ಇದೆ’ ಎಂಬ ಒಂದೇ ಉತ್ತರ. ಚಾಲಕನಿಗೆ ಆ ಕಡೆಯ ಯಾವ ಊರಿನ ಸಂಬಂಧವೂ ಇರಲಿಲ್ಲ, ಮಾರ್ಗದರ್ಶಿ ಎನಿಸಿಕೊಂಡವರು ಯಾರೂ ನಮ್ಮೊಡನೆ ಇರಲೇ ಇಲ್ಲ.

ಇಷ್ಟಾದರೂ ಮೆರ್ಜೂಗಾದ ಸಂಜೆಯನ್ನು ಮರೆಯಲಾರೆ. ಎರ್ಗ್ ಶೆಬ್ಬಿ ಎಂಬ ಅಲ್ಲಿನ ಮರಳು ದಿಬ್ಬಗಳು 150 ಮೀಟರ್‌ವರೆಗೆ ಏಳುತ್ತವೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಪರೂಪದ ಮಳೆ ಸುರಿದು, ಅರ್ಧ ಶತಮಾನ ಬತ್ತಿದ್ದ ಇರಿಕಿ ಸರೋವರಕ್ಕೂ ನೀರು ಬಂದಿತ್ತು. ನಾನು ಹೋದಾಗ ದಿಬ್ಬದ ಬುಡದಲ್ಲಿಯೇ ನೀರು ನಿಂತು, ಮರಳಿನ ನೆರಳು ಅದರಲ್ಲಿ ಬಿದ್ದಿತ್ತು. ಅದನ್ನು ನೋಡಲು ಒಂದೇ ಸಂಜೆ. ಮರುದಿನ ನಸುಕಿನಲ್ಲಿ ಮತ್ತೆ ವ್ಯಾನು.

ಪುಷ್ಪಗಿರಿ ಚಾರಣಿಗ:

ಮಂಜು ಅಕ್ಕನವರ ಮಾತಿಗೆ ನನ್ನ ಸಹಮತವಿದೆ, ಆದರೆ ಆರು ದಿನದ ಪ್ರವಾಸವೂ ಬೆಟ್ಟವನ್ನು ಕಿಟಕಿಯಿಂದ ತೋರಿಸಿ ಮುಗಿಸಿಬಿಡಬಹುದೆಂಬ ಎಚ್ಚರವೂ ಬೇಕು. ನಾನು ಅಲ್ಲಿಗೆ ಎರಡು ಬಾರಿ ನಡೆಯಲೆಂದೇ ಹೋದವನು.

ಮೊದಲು ಹೆಸರಿನ ವಿಚಾರ. ಬರ್ಬರ್ ಎನ್ನುವುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಅಮಾಜಿಗ್ ಎಂದೂ, ಬಹುವಚನದಲ್ಲಿ ಇಮಾಜಿಗೆನ್ ಎಂದೂ ಕರೆದುಕೊಳ್ಳುತ್ತಾರೆ. ಕೊಡಗನ್ನು ಕೂರ್ಗ್ ಎಂದು ಕೇಳಿ ಕೇಳಿ ಸಾಕಾಗಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಭಾಷೆಗೆ 2011ರ ಸಂವಿಧಾನದಲ್ಲಿ ಅಧಿಕೃತ ಸ್ಥಾನ ದೊರೆಯಿತು, ಅವರ ಹೊಸ ವರ್ಷಕ್ಕೆ 2024ರಿಂದ ಸರ್ಕಾರಿ ರಜೆಯೂ ಇದೆ. ಸರ್ಕಾರಿ ಕಚೇರಿ, ಶಾಲೆಗಳ ಫಲಕಗಳಲ್ಲಿ ಅರಬಿಯ ಜೊತೆಗೆ ವೃತ್ತ, ಗೆರೆ, ಚುಕ್ಕಿಗಳ ತಿಫಿನಾಗ್ ಲಿಪಿ ಕಾಣಿಸುತ್ತದೆ. ಮಗಳಿಗೆ ನಾಲ್ಕಕ್ಷರ ಗುರುತಿಸಲು ಹೇಳಿ, ದಾರಿ ಸಾಗುತ್ತದೆ. ಎದುರು ಸಿಕ್ಕವರಿಗೆ ‘ಅಜೂಲ್’ ಎಂದರೆ ನಮಸ್ಕಾರ ಎಂದಂತೆ. ನಾನು ಅಷ್ಟನ್ನೇ ಕಲಿತು ಹೋಗಿದ್ದೆ, ಅದರಿಂದ ಎಷ್ಟು ಮನೆಗಳ ಚಹಾ ಕುಡಿದೆನೆಂದು ಲೆಕ್ಕವಿಲ್ಲ.

ಆ ಚಹಾದ ಬಗ್ಗೆಯೂ ಹೇಳಿಬಿಡುತ್ತೇನೆ. ಚೀನಾದ ಹಸಿರು ಚಹಾದ ಉಂಡೆ ಎಲೆಗೆ ಬಿಸಿನೀರು ಹಾಕಿ, ಅಲುಗಾಡಿಸಿ, ಕಹಿ ನೀರನ್ನು ಚೆಲ್ಲುತ್ತಾರೆ. ಆಮೇಲೆ ಹಿಡಿ ತುಂಬ ಪುದೀನ, ಬೆಲ್ಲದಚ್ಚಿನಂತಹ ಗೋಪುರದಿಂದ ಒಡೆದ ಸಕ್ಕರೆಯ ಗಟ್ಟಿ. ಕುದಿದ ಮೇಲೆ ಒಂದು ಲೋಟಕ್ಕೆ ಸುರಿದು, ಅದನ್ನು ಹಾಗೆಯೇ ಮತ್ತೆ ಕೆಟಲಿಗೆ ಹಿಂದಿರುಗಿಸಿ, ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ನೊರೆ ಬರುವಂತೆ ಹೊಯ್ಯುತ್ತಾರೆ. ಅವಸರದಲ್ಲಿದ್ದೇವೆಂದು ಹೇಳಿದವನಿಗೆ ಈ ಚಹಾ ಸಿಗುವುದಿಲ್ಲ.

ನನ್ನ ಸಲಹೆ ಇದು: ಮರುಭೂಮಿಗೆ ಹೊರಡುವ ಮೊದಲು ಮರ್ರಾಕೆಶ್‌ನಿಂದ ಎರಡು ಗಂಟೆಯೊಳಗೆ ಸಿಗುವ ಇಮ್ಲಿಲ್ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ಉಳಿಯಿರಿ. ಅದು 1,740 ಮೀಟರ್ ಎತ್ತರದಲ್ಲಿ, ಸೇಬು ಮತ್ತು ಅಕ್ರೋಟಿನ ತೋಟಗಳ ನಡುವೆ ಇದೆ. ಉತ್ತರ ಆಫ್ರಿಕದ ಅತಿ ಎತ್ತರದ ಶಿಖರವಾದ 4,167 ಮೀಟರ್‌ನ ತುಬ್ಕಾಲ್‌ಗೆ ಹೋಗುವವರು ಅಲ್ಲಿಂದಲೇ ಹೊರಡುತ್ತಾರೆ. 2018ರ ಕೊನೆಯಿಂದ ಆ ದಾರಿಯಲ್ಲಿ ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ. ನಿಮಗೆ ಶಿಖರ ಬೇಡ. ತಾಯಿಯವರು ಹೇಸರಗತ್ತೆಯ ಮೇಲೆ ಕುಳಿತು ಮೇಲಿನ ಹಳ್ಳಿಯವರೆಗೆ ಹೋಗಿ ಬರಬಹುದು. ನೀವು ಜೊತೆಯಲ್ಲಿ ನಡೆಯಿರಿ.

ಅಲ್ಲಿ ಮಾರ್ಗದರ್ಶಿಯನ್ನು ‘ಅಗ್ದಾಲ್’ ಬಗ್ಗೆ ಕೇಳಿ. ಊರಿನವರೆಲ್ಲ ಸೇರಿ ಒಂದು ಹುಲ್ಲುಗಾವಲನ್ನು ಇಷ್ಟು ದಿನ ಮುಚ್ಚಿಟ್ಟು, ಗೊತ್ತಾದ ದಿನ ಎಲ್ಲರ ದನಕುರಿಗಳಿಗೂ ಒಟ್ಟಿಗೆ ತೆರೆಯುವ ಕಟ್ಟಳೆ ಅದು. ಉಕೈಮೆದೆನ್ ಎಂಬಲ್ಲಿ ಮಾರ್ಚ್ ಮಧ್ಯದಿಂದ ಆಗಸ್ಟ್ 10ರ ಆಸುಪಾಸಿನವರೆಗೆ ಹೀಗೆ ಮುಚ್ಚಿರುತ್ತದೆ. ನಮ್ಮ ದೇವರಕಾಡಿಗೆ ಕತ್ತಿ ಒಯ್ಯಬಾರದೆಂದು ಹೇಳಿದಾಗ ನನ್ನ ಮಾರ್ಗದರ್ಶಿ ಅದನ್ನು ಥಟ್ಟನೆ ಹಿಡಿದುಕೊಂಡು, ಕಾಯುವವರು ಯಾರು, ತಪ್ಪಿದವನಿಗೆ ದಂಡವೆಷ್ಟು ಎಂದು ನನ್ನನ್ನೇ ಪ್ರಶ್ನಿಸತೊಡಗಿದ. ಊರಿನವನೇ ಆದ ಮಾರ್ಗದರ್ಶಿಗೆ ಕೊಡುವ ಹಣ ಇಂತಹ ಮಾತಿಗೆ ಸಲ್ಲುತ್ತದೆಯೇ ಹೊರತು ದಾರಿ ತೋರಿಸುವುದಕ್ಕಲ್ಲ. ದಾರಿ ಫೋನಿನಲ್ಲಿಯೂ ಸಿಗುತ್ತದೆ.

2023ರ ಸೆಪ್ಟೆಂಬರ್ 8ರ ರಾತ್ರಿ ಇದೇ ಸೀಮೆಯಲ್ಲಿ 6.8 ಪ್ರಮಾಣದ ಭೂಕಂಪವಾಗಿ ಸುಮಾರು ಮೂರು ಸಾವಿರ ಮಂದಿ ತೀರಿಕೊಂಡರು. ಬಿದ್ದ ಮನೆಗಳ ಗುರುತುಗಳು ಇನ್ನೂ ಕಾಣಬಹುದು. ಹೋಗುವುದು ಸರಿಯೇ ಎಂಬ ಸಂಕೋಚ ನನಗೂ ಇತ್ತು. ಆದರೆ 2018ರ ಆಗಸ್ಟ್‌ನ ಭೂಕುಸಿತದ ಮರುವರ್ಷ ನಮ್ಮ ಹೋಂಸ್ಟೇಗಳಿಗೆ ಬೇಕಾಗಿದ್ದುದು ಮರುಕವೇ, ಅತಿಥಿಗಳೇ ಎಂದು ನಿಮಗೆ ಗೊತ್ತು.

ಕಕ್ಕಬ್ಬೆ ತೋಟ:

ಇಬ್ಬರಿಗೂ ಕೃತಜ್ಞತೆಗಳು. ಆರು ದಿನವೆಂದೂ, ಅದಕ್ಕೆ ಮುಂಚೆ ಇಮ್ಲಿಲ್‌ನಲ್ಲಿ ಎರಡು ರಾತ್ರಿಯೆಂದೂ ಮನೆಯಲ್ಲಿ ಬಹುತೇಕ ಒಪ್ಪಿಗೆಯಾಗಿದೆ. ಖರ್ಚಿನ ಬಗ್ಗೆ ಹೆಂಡತಿ ಇನ್ನೂ ಪೂರ್ತಿ ಮಾತನಾಡಿಲ್ಲ. ತಾಯಿಗೆ ಒಂಟೆ ಸವಾರಿ ಆಗುತ್ತದೆಯೇ, ಊಟ ಹೇಗೆ ಎಂಬುದನ್ನು ಯಾರಾದರೂ ತಿಳಿಸಿ. ನಾವು ದನದ ಮಾಂಸ ತಿನ್ನುವುದಿಲ್ಲ.

ಕುಶಾಲನಗರದ ಹಳಬ:

ಕೆಲಸದ ನಿಮಿತ್ತ ನಾಲ್ಕು ವರ್ಷ ಕಾಸಾಬ್ಲಾಂಕಾದಲ್ಲಿದ್ದೆ. ಮನೆಯವರನ್ನೂ ಬಂದ ನೆಂಟರನ್ನೂ ಈ ದಾರಿಯಲ್ಲಿ ಹಲವು ಬಾರಿ ಕರೆದೊಯ್ದಿದ್ದೇನೆ.

ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಸವಾರರು ಮುಂದಕ್ಕೆ ಮುಗ್ಗರಿಸಿದಂತಾಗುತ್ತದೆ; ಕೂರುವಾಗ ಮುಂಗಾಲು ಮಡಚುವುದರಿಂದ ಮತ್ತೆ ಅದೇ. ಎರಡೂ ಹೊತ್ತು ಹಿಂದಕ್ಕೆ ವಾಲಿ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕು. ಮಂಡಿನೋವಿರುವವರಿಗೆ ಹತ್ತುವುದಕ್ಕಿಂತ ಅಗಲವಾದ ಬೆನ್ನಿನ ಮೇಲೆ ಒಂದು ಗಂಟೆ ಕಾಲಗಲಿಸಿ ಕೂರುವುದೇ ಕಷ್ಟ. ಅಮ್ಮನವರು ಹತ್ತು ನಿಮಿಷ ಕುಳಿತು, ಫೋಟೊ ತೆಗೆಸಿಕೊಂಡು, ಉಳಿದ ದಾರಿಯನ್ನು ಜೀಪಿನಲ್ಲಿ ಹೋಗಲಿ. ಬಿಡಾರಗಳಿಗೆ ಜೀಪು ಹೋಗುತ್ತದೆ, ಆದರೆ ಮೊದಲೇ ಹೇಳಿಟ್ಟಿರಬೇಕು. ಮಾಂದಲಪಟ್ಟಿಯ ಜೀಪಿನಲ್ಲಿ ಕುಳಿತ ಸೊಂಟಕ್ಕೆ ಅದೇನೂ ಹೊಸದಲ್ಲ.

ಊಟಕ್ಕೆ ತಜೀನ್, ಅಂದರೆ ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಲ್ಯ, ಎಲ್ಲೆಡೆ ಸಿಗುತ್ತದೆ. ಕೋಳಿ ಅಥವಾ ಕುರಿ ಎಂದು ಬಿಡಿಸಿ ಹೇಳಿ. ಕೆಫ್ತಾ ಎಂಬ ಕೈಮದ ಉಂಡೆ ದನದ್ದೂ ಆಗಿರಬಹುದು, ಕೇಳದೆ ತಿನ್ನಬೇಡಿ. ತರಕಾರಿ ತಜೀನನ್ನು ಮಾಂಸದ ರಸದಲ್ಲಿ ಬೇಯಿಸುವುದೂ ಉಂಟು. ಕಾಫಿ ಬೆಳೆಗಾರರಾದ ನೀವು ಕೇಳದಿದ್ದರೂ ಹೇಳುತ್ತೇನೆ: ‘ನುಸ್ ನುಸ್’ ಎಂದರೆ ಅರ್ಧ ಕಾಫಿ, ಅರ್ಧ ಹಾಲು, ನಮ್ಮ ನಾಲಿಗೆಗೆ ಅದೇ ಹತ್ತಿರ.

ಮೆರ್ಜೂಗಾಕ್ಕೆ ಹೋಗುವ ದಿನ ಮಂಗಳವಾರ, ಗುರುವಾರ ಅಥವಾ ಭಾನುವಾರ ಆಗುವಂತೆ ನೋಡಿಕೊಳ್ಳಿ, ಏಕೆಂದರೆ ಆ ದಿನಗಳಲ್ಲಿ ದಾರಿಯ ರಿಸ್ಸಾನಿ ಎಂಬ ಊರಿನಲ್ಲಿ ಸಂತೆ ಇರುತ್ತದೆ. ಸಂತೆಗೆ ಬಂದವರ ಕತ್ತೆಗಳನ್ನೆಲ್ಲ ಒಂದೇ ಕಡೆ ಕಟ್ಟುವ ಬಯಲನ್ನು ಮಗಳಿಗೆ ತೋರಿಸಿ. ಊರ ಪಕ್ಕದಲ್ಲಿ ಸಿಜಿಲ್ಮಾಸಾ ನಗರದ ಪಾಳು ಗೋಡೆಗಳಿವೆ; ಸಹಾರಾ ದಾಟಿ ಬರುತ್ತಿದ್ದ ಚಿನ್ನ ಇಳಿಯುತ್ತಿದ್ದುದು ಅಲ್ಲಿ. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಹೋಗಿದ್ದ ಲೋಕಸಂಚಾರಿ ಇಬ್ನ್ ಬತೂತಾ 1352ರಲ್ಲಿ ಒಂಟೆಗಳೊಡನೆ ದಕ್ಷಿಣಕ್ಕೆ ಹೊರಟದ್ದೂ ಅಲ್ಲಿಂದಲೇ. ಅದಕ್ಕೂ ಮುಂಚೆ, ಎರ್ಫೂದ್ ತಲುಪುವ ಮೊದಲು ಜೋರ್ಫ್ ಬಳಿ ರಸ್ತೆಬದಿಯಲ್ಲಿ ದೊಡ್ಡ ಹುತ್ತಗಳಂತಹ ಮಣ್ಣಿನ ಗುಪ್ಪೆಗಳು ಸಾಲಾಗಿ ಸಿಗುತ್ತವೆ. ಅವು ಖೆತ್ತಾರಾ ಎಂಬ ನೆಲದಡಿಯ ನೀರಿನ ಕಾಲುವೆಯ ಬಾವಿಬಾಯಿಗಳು. ಗುಡ್ಡ ಕೊರೆದು ನೀರು ತರುವ ಕಾಸರಗೋಡು ಕಡೆಯ ಸುರಂಗವನ್ನು ನೋಡಿದವರಿಗೆ ಅದರ ಉಪಾಯ ತಕ್ಷಣ ಹೊಳೆಯುತ್ತದೆ. ಏಪ್ರಿಲ್ ಕೊನೆಯಾದ್ದರಿಂದ ದಾರಿಯಲ್ಲಿ ಸಿಗುವ ಕೆಲಾತ್ ಮ್ಗೂನಾ ಊರಿನ ಗುಲಾಬಿಯೂ ಅರಳಿರುತ್ತದೆ.

ಇನ್ನುಳಿದದ್ದು ಸಣ್ಣ ಮಾತು. ವೀಸಾ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿನ ಹಣವಾದ ದಿರ್ಹಮ್ ನಮ್ಮಲ್ಲಿ ಸಿಗುವುದಿಲ್ಲ, ಯೂರೋ ಒಯ್ದು ಅಲ್ಲಿ ಬದಲಿಸಿ. ಹೋಂಸ್ಟೇಗೆಂದು ಡ್ರೋನ್ ಇಟ್ಟುಕೊಂಡಿದ್ದರೆ ಮನೆಯಲ್ಲಿಯೇ ಬಿಡಿ; ವಿಮಾನ ನಿಲ್ದಾಣದಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ರಂಜಾನ್ ಮಾರ್ಚ್‌ನಲ್ಲಿಯೇ ಮುಗಿದಿರುತ್ತದೆ, ಆ ಚಿಂತೆಯಿಲ್ಲ.

ಕಕ್ಕಬ್ಬೆ ತೋಟ:

ಬಹಳ ಉಪಕಾರವಾಯಿತು ಸರ್. ಇನ್ನೊಂದೇ ಪ್ರಶ್ನೆ. ಅಲ್ಲಿನ ಖರ್ಜೂರದ ಮರಗಳಿಗೆ ಬಯೂದ್ ಎಂಬ ರೋಗ ಬಂದು ತೋಪುಗಳೇ ಒಣಗಿವೆಯೆಂದು ಓದಿದೆ. ನಮ್ಮ ಕರಿಮೆಣಸಿನ ಸೊರಗು ರೋಗದಂತೆಯೇ ಇದು? ಆ ತೋಪುಗಳೊಳಗೆ ನಡೆದಾಡಬಹುದೇ?

ಪುಷ್ಪಗಿರಿ ಚಾರಣಿಗ:

ನಡೆದಾಡಬಹುದು, ತೊದ್ರಾದ ಕೆಳಗಿನ ತೋಪಿನಲ್ಲಿ ನಡೆಯಲೇಬೇಕು. ಬಯೂದ್ ಮಣ್ಣಿನಲ್ಲಿ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುತ್ತದೆ, ನಮ್ಮ ಮೆಣಸಿನ ಶೀಘ್ರ ಸೊರಗು ರೋಗ ಫೈಟಾಫ್ತೊರಾ ಎಂಬ ರೋಗಾಣುವಿನಿಂದ; ರೋಗ ಬೇರೆ, ಆದರೆ ಎರಡೂ ಮಣ್ಣಿನ ಜೊತೆ ಪ್ರಯಾಣ ಮಾಡುತ್ತವೆ. ಗಿಡವನ್ನಾಗಲಿ ಮಣ್ಣನ್ನಾಗಲಿ ತರಬೇಡಿ. ಬೂಟುಗಳನ್ನು ಅಲ್ಲಿಯೇ ಉಜ್ಜಿ ತೊಳೆದು ಒಣಗಿಸಿ ಚೀಲಕ್ಕೆ ಹಾಕಿ, ಊರಿಗೆ ಬಂದಮೇಲೆ ತೋಟಕ್ಕೆ ಇಳಿಯುವಾಗ ಬೇರೆ ಜೋಡಿ ಹಾಕಿಕೊಳ್ಳಿ.