ಮೊದಲು ಮಗೂ ತೂಕ ಹೇಳು

ಪುಟ್ಟಿ, ನಿನ್ನ ಮೆಸೇಜು ಈಗ ನೋಡ್ದೆ ಕಣೇ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗತ್ತೆ, ಮಾತಲ್ಲೇ ಹೇಳ್ಬಿಡ್ತೀನಿ. ಹದಿನೈದು ದಿನದಿಂದ ಮಗು ಕಕ್ಕ ಮಾಡಿದ ಮೇಲೆ ಕೊನೇಲಿ ರಕ್ತ ಬೀಳ್ತಿದೆ, ನೋವಿಲ್ಲ, ಊಟ ಆಟ ಎಲ್ಲಾ ಸರಿ. ಅರಸೀಕೆರೆ ಡಾಕ್ಟ್ರು ಪಾಲಿಪ್ ಇರ್ಬಹುದು, ಕೊಲೊನೋಸ್ಕೋಪಿ ಮಾಡಿಸಿ ಅಂದ್ರು, ಅಂದ್ರೆ ಹಿಂದಿನ ದಾರಿಯಿಂದ ಕ್ಯಾಮೆರಾ ಇರೋ ಪೈಪು ಹಾಕಿ ದೊಡ್ಡ ಕರುಳು ನೋಡೋದು. ನಾಲ್ಕು ವರ್ಷದ ಮಗೂಗೆ ಅದನ್ನ ಎಲ್ಲಿ ಮಾಡ್ತಾರೆ, ಅಷ್ಟು ತಾನೇ ನಿನ್ನ ಪ್ರಶ್ನೆ?

ಮೊದ್ಲು ಭಾವನಿಗೆ ಒಂದು ಮಾತು. ಕೂಸಿಗೆ ಪೈಪು ಗೀಪು ಬೇಡ, ಮೂಲವ್ಯಾಧಿ ಇರತ್ತೆ, ಮೂಲಂಗಿ ರಸ ಕೊಡಿ ಅಂತ ಗ್ರೂಪಲ್ಲಿ ಹಾಕಿದೀರಲ್ಲ, ಕೋಪ ಮಾಡ್ಕೋಬೇಡಿ, ಆ ವಯಸ್ಸಿಗೆ ಮೂಲವ್ಯಾಧಿ ಬಲು ಅಪರೂಪ. ಈ ವಯಸ್ಸಲ್ಲಿ ನೋವಿಲ್ದೆ ರಕ್ತ ಬಿದ್ರೆ ಡಾಕ್ಟ್ರುಗಳು ಮೊದ್ಲು ನೋಡೋದೇ ಪಾಲಿಪ್. ಕರುಳಿನ ಒಳಗೋಡೇಲಿ ಚೆರ್ರಿ ಹಣ್ಣಿನ ಹಾಗೆ ತೊಟ್ಟಿನ ಮೇಲೆ ನೇತಾಡೋ ಗಂಟು. ಸಾಮಾನ್ಯವಾಗಿ ಒಂದೇ ಇರತ್ತೆ, ಕ್ಯಾನ್ಸರ್ ಅಲ್ಲ. ಆ ಕ್ಯಾಮೆರಾ ಪೈಪಿಗೇ ಸ್ಕೋಪ್ ಅನ್ನೋದು, ಅದರ ಒಳಗಿಂದಾನೇ ತಂತಿ ಕುಣಿಕೆ ಹಾಕಿ ಕರೆಂಟ್ ಕೊಟ್ಟು ಕತ್ತರಿಸಿ ತೆಗೀತಾರೆ. ನೋಡೋದೂ ತೆಗೆಯೋದೂ ಒಂದೇ ಸಲಕ್ಕೆ ಮುಗಿಯತ್ತೆ, ಹೊಟ್ಟೆ ಕೊಯ್ಯಲ್ಲ.

ಇನ್ನು ಎಲ್ಲಿ ಅನ್ನೋದು. ನಮ್ಮವನು ಎರಡು ವರ್ಷದವನಿದ್ದಾಗ ಒಂದು ರೂಪಾಯಿ ನಾಣ್ಯ ನುಂಗಿದ್ದು ನಿಂಗೆ ನೆನಪಿರ್ಬೇಕು. ಆಗ ನಾವು ಕಡೂರಲ್ಲಿದ್ವಿ. ಎಕ್ಸ್‌ರೇಲಿ ಎದೆ ಮಧ್ಯೆ ಅನ್ನನಾಳದಲ್ಲಿ ದುಂಡಗೆ ಬೆಳ್ಳಗೆ ಕೂತಿತ್ತು. ಉಸಿರಾಟ ಸರಿ ಇತ್ತು, ಎಂಜಲೂ ನುಂಗ್ತಿದ್ದ. ಒಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಎಂಡೋಸ್ಕೋಪಿ, ಅಂದ್ರೆ ಸ್ಕೋಪ್ ಹಾಕಿ ಒಳಗೆ ನೋಡೋದು, ಇದೆಯಾ ಅಂದ್ವಿ, ಇದೆ ಬನ್ನಿ ಅಂದ್ರು. ಓಡಿ ಹೋದ್ರೆ, ಅಯ್ಯೋ ಮಗೂನಾ, ನಮ್ಮದು ದೊಡ್ಡೋರ ಸ್ಕೋಪು ಅಂದ್ರು! ಇನ್ನೊಂದು ಕಡೆ ಸಣ್ಣ ಸ್ಕೋಪ್ ಇತ್ತು, ಆದ್ರೆ ಮಕ್ಕಳಿಗೆ ಅನಸ್ತೇಶಿಯಾ, ಅದೇ ಪ್ರಜ್ಞೆ ತಪ್ಪಿಸೋ ಮದ್ದು, ಕೊಡೋ ಡಾಕ್ಟ್ರು ಮಂಗಳವಾರ, ಶುಕ್ರವಾರ ಮಾತ್ರ. ಅವತ್ತು ಬುಧವಾರ. ಬೆಂಗಳೂರಿಗೆ ಬಂದಾಗ ರಾತ್ರಿ ಹನ್ನೊಂದು. ಇಲ್ಲಿ ತೆಗೆಯೋಕೆ ಹತ್ತು ನಿಮಿಷಾನೂ ಹಿಡೀಲಿಲ್ಲ. ಸಣ್ಣ ಡಬ್ಬೀಲಿ ಹಾಕಿ ನಾಣ್ಯ ಕೈಗೆ ಕೊಟ್ರು, ಅಂಚೆಲ್ಲಾ ಕಪ್ಪಾಗಿತ್ತು. ಅತ್ತೆ ಅದೇ ನಾಣ್ಯನ ಅರಿಶಿನದ ಬಟ್ಟೇಲಿ ಕಟ್ಟಿ ಧರ್ಮಸ್ಥಳಕ್ಕೆ ಮುಡಿಪು ಅಂತ ಎತ್ತಿಟ್ರು. ಹೊಸ ನಾಣ್ಯ ಇಡಿ ಅಂದ್ರೂ ಕೇಳ್ಲಿಲ್ಲ, ಸ್ವಾಮಿ ವಾಪಸ್ ಕೊಟ್ಟಿದ್ದು ಇದನ್ನೇ ಅಂದ್ರು.

ಅದಕ್ಕೇ ಎಂಡೋಸ್ಕೋಪಿ ಇದೆಯಾ ಅಂತ ಮಾತ್ರ ಕೇಳ್ಬೇಡ, ಎಲ್ರೂ ಇದೆ ಅಂತಾರೆ. ಇಷ್ಟು ಕೆಜಿ ಮಗೂಗೆ ಮಾಡ್ತೀರಾ, ಮಕ್ಕಳ ಅನಸ್ತೇಶಿಯಾ ಡಾಕ್ಟ್ರು ಯಾವತ್ತು ಇರ್ತಾರೆ, ಪಾಲಿಪ್ ಸಿಕ್ರೆ ಅವತ್ತೇ ತೆಗೀತೀರಾ ಅಂತ ಕೇಳು. ತೂಕ ಯಾಕೆ ಅಂದ್ರೆ, ಬಾಯಿಂದ ಹಾಕೋ ದೊಡ್ಡೋರ ಸ್ಕೋಪು 9-10 ಮಿಲಿಮೀಟರ್ ದಪ್ಪ. 10 ಕೆಜಿ ಒಳಗಿನ ಕೂಸಿಗೆ 6 ಮಿಲಿಮೀಟರಿನ ಆಸುಪಾಸಿನದು ಬೇಕು. ನಿನ್ನ ಮಗ ಅದಕ್ಕಿಂತ ದೊಡ್ಡವನು ಬಿಡು, ಆದ್ರೂ ದಿನಾ ದೊಡ್ಡೋರಿಗೆ ಮಾಡೋ ಕೈಗಿಂತ ಮಕ್ಕಳಿಗೇ ಮಾಡಿ ರೂಢಿಯಿರೋ ಕೈ ವಾಸಿ. ಪೀಡಿಯಾಟ್ರಿಕ್ ಗ್ಯಾಸ್ಟ್ರೋ, ಅಂದ್ರೆ ಮಕ್ಕಳ ಹೊಟ್ಟೆ ಕರುಳಿನ ಡಾಕ್ಟ್ರು, ಅಂತ ಬೋರ್ಡಲ್ಲಿರ್ಬೇಕು. ಅಂಥವ್ರು ಕಡಿಮೆ. ಅದಕ್ಕೆ ಎಂಡಿ ಆದ್ಮೇಲೆ ಮಾಡೋ ಡಿಎಂ ಅನ್ನೋ ಓದನ್ನ ಓದಿಸೋದೇ ಲಕ್ನೋದ ಎಸ್‌ಜಿಪಿಜಿಐ ಆಸ್ಪತ್ರೆ ಥರದ ಕೆಲವೇ ಕಡೆ, ಹಾಗಾಗಿ ಇರೋರೆಲ್ಲಾ ದೊಡ್ಡ ಊರಲ್ಲೇ.

ಬೆಂಗಳೂರಲ್ಲಿ ಸರ್ಕಾರದ್ದು ಅಂದ್ರೆ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಆ ವಿಭಾಗ ಅಲ್ಲಿದೆ. ಜನಜಂಗುಳಿ, ಟೋಕನ್‌ಗೆ ಬೆಳಗಾಗೋದ್ರೊಳಗೆ ನಿಲ್ಬೇಕು. ಕೋರಮಂಗಲದ ಸೇಂಟ್ ಜಾನ್ಸಲ್ಲೂ ಇದೆ. ದುಡ್ಡಿನ ವಿಷಯಕ್ಕೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೇಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ, ಅಂದ್ರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿರೋ ದರದ, ಶೇಕಡ 30. ಎಮರ್ಜೆನ್ಸಿ ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅಲ್ಲೇ ತಾಲೂಕು ಆಸ್ಪತ್ರೇಲಿ ಬರೆಸ್ಕೊಂಡೇ ರೈಲು ಹತ್ತು. ನಿಂಗೆ ಬೇಕಾದ್ದು ಪ್ಯಾಕೇಜಲ್ಲಿ ಬರತ್ತಾ ಅಂತ ಆಸ್ಪತ್ರೇಲಿ ಈ ಯೋಜನೆ ನೋಡ್ಕೊಳ್ಳೋ ಆರೋಗ್ಯಮಿತ್ರ ಕೌಂಟರಲ್ಲಿ ಕೇಳು.

ಕಷ್ಟ ಅಂದ್ರೆ ಹಿಂದಿನ ದಿನ. ಕರುಳು ತೊಳೆಯೋ ಪುಡಿ ನೀರು ಬೇಜಾನ್ ಕುಡಿಸ್ಬೇಕು, ಮಗು ಉಗಿಯತ್ತೆ. ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕೊಡು. ಅವ್ರು ಒಪ್ಪಿದ್ರೆ ಎಳನೀರು ಕೊಡು, ಕೆಂಪು ಬಣ್ಣದ ಜ್ಯೂಸು ಮಾತ್ರ ಬೇಡ, ಒಳಗೆ ರಕ್ತದ ಥರಾನೇ ಕಾಣತ್ತೆ.

ಹಾಂ, ಚಿಕ್ಕ ಮಕ್ಕಳಿರೋ ಮಿಕ್ಕವ್ರೂ ಕೇಳಿಸ್ಕೊಳ್ಳಿ. ನಾಣ್ಯಕ್ಕೆ ನಮಗೆ ರಾತ್ರಿವರೆಗೂ ಟೈಮ್ ಸಿಕ್ತು. ಬಟನ್ ಬ್ಯಾಟರಿಗೆ, ಅದೇ ಆಟಿಕೆ ರಿಮೋಟಲ್ಲಿ ಇರೋ ನಾಣ್ಯದಂಥ ದುಂಡು ಬ್ಯಾಟರಿಗೆ, ಅದಿಲ್ಲ. ಅನ್ನನಾಳದಲ್ಲಿ ಸಿಕ್ಕಿದ್ರೆ 2 ಗಂಟೇಲೇ ಸುಟ್ಟು ಹಾಕತ್ತೆ. ಎಕ್ಸ್‌ರೇಲಿ ಅಂಚು ಎರಡು ಉಂಗುರದ ಹಾಗೆ ಕಂಡ್ರೆ ಅದು ನಾಣ್ಯ ಅಲ್ಲ, ಬ್ಯಾಟರಿ. ಆಗ ವಾಂತಿ ಮಾಡಿಸೋದು, ಬಾಳೆಹಣ್ಣು ತಿನ್ನಿಸೋದು ಏನೂ ಬೇಡ, ನೆಟ್ಟಗೆ ಎಮರ್ಜೆನ್ಸಿ.

ಪುಟ್ಟಿ, ನಾಳೆ ಬೆಳಿಗ್ಗೆ ಅಂಗನವಾಡೀಲಿ ಅವನ ತೂಕ ಹಾಕಿಸಿ ಇಲ್ಲೇ ಗ್ರೂಪಲ್ಲಿ ಬರಿ, ಅರಸೀಕೆರೆ ಡಾಕ್ಟ್ರ ಚೀಟಿ ಫೋಟೋನೂ ಹಾಕು. ಹತ್ತು ಗಂಟೆಗೆ ಎರಡು ಕಡೆಗೂ ನಾನೇ ಫೋನ್ ಮಾಡಿ ಕೇಳ್ತೀನಿ.