ಸಹಾಯ ಬೇಕು: ಇದು ಕಾಡು ಶುಂಠಿನಾ, ಕಾಡು ಅರಿಶಿನನಾ?

ಎಲ್ರಿಗೂ ನಮಸ್ಕಾರ, ಶುಂಠಿ ಕುಟುಂಬದ ಗಿಡಗಳು ಗೊತ್ತಿರೋರು ಸ್ವಲ್ಪ ಹೇಳ್ತೀರಾ. ಕಾಡಂಚಲ್ಲಿ ಒಂದು ಗಿಡ ಸಿಕ್ಕಿದೆ, ಎಲೆ ಎರಡು ಸಾಲಲ್ಲಿದೆ, ಉಜ್ಜಿದ್ರೆ ಘಮ ಬರುತ್ತೆ, ಹಾಗಾಗಿ ಕಾಸ್ಟಸ್ ಅಂತೂ ಅಲ್ಲ (ಅದು ಶುಂಠಿ ಥರ ಕಾಣೋ ಗಿಡ, ಅದ್ರ ಎಲೆ ಸುರುಳಿ ಸುತ್ಕೊಂಡು ಬರುತ್ತಲ್ಲ, ಈಗ ಅದನ್ನ ಬೇರೆ ಕುಟುಂಬಕ್ಕೇ ಹಾಕಿದಾರೆ). ಹೂಗೊಂಚಲು ನೆಲದಿಂದ ನೇರ ಎದ್ದಿದೆ, ಆದ್ರೆ ಅದು ಶುಂಠಿ ಕುಲ ಜಿಂಜಿಬರ್‌ನಲ್ಲೂ ಇದೆ ಅರಿಶಿನದ ಕುಲ ಕರ್ಕ್ಯುಮಾದಲ್ಲೂ ಇದೆ, ಅಲ್ಲೇ ತಲೆ ಕೆಟ್ಟಿದ್ದು. ಕರ್ಕ್ಯುಮಾ ಆದ್ರೆ ಪುಷ್ಪಪತ್ರಗಳು (ಹೂವಿನ ಕೆಳಗಿರೋ ಎಲೆಯಂಥ ಭಾಗ) ಬುಡದಲ್ಲಿ ಕೂಡ್ಕೊಂಡು ಚೀಲದ ಥರ ಇರ್ಬೇಕು, ಜಿಂಜಿಬರ್ ಆದ್ರೆ ಪರಾಗಕೋಶದ ತುದಿ ಕೊಂಬಿನ ಥರ ಚಾಚಿ ಶಲಾಕೆನ (ಹೂವಿನ ಹೆಣ್ಣು ಭಾಗದ ಕಡ್ಡಿ) ಸುತ್ತಿರ್ಬೇಕು, ಇಷ್ಟು ಓದ್ಕೊಂಡಿದೀನಿ, ಆದ್ರೆ ಏನ್ ಪ್ರಯೋಜನ, ಸಿಕ್ಕ ಒಂದೇ ಹೂವನ್ನ ಪೇಪರ್ ಮಧ್ಯೆ ಒತ್ತಿಟ್ಟು ಹಾಳು ಮಾಡ್ಕೊಂಡೆ, ಒಣಗಿದ್ಮೇಲೆ ಏನೂ ಕಾಣ್ತಿಲ್ಲ. ಮುಂದಿನ ಸಲ ಮೊದ್ಲು ಫೋಟೋ ತೆಗೆದು ಆಮೇಲೆ 70% ಆಲ್ಕೋಹಾಲ್‌ನಲ್ಲಿ ಇಡೋಣ ಅಂತಿದೀನಿ, ಸರಿನಾ?

ಇನ್ನೊಂದು, ಅಲ್ಲಿರೋದೇ ಏಳೆಂಟು ಗಿಡ. ಗಡ್ಡೆ ಪೂರ್ತಿ ಕಿತ್ರೆ ಗಿಡಾನೇ ಹೋಗುತ್ತೆ. ಮೊಗ್ಗಿರೋ ಒಂದು ತುಂಡು ಸಾಕಲ್ವಾ ನರ್ಸರಿಲಿ ಬೆಳೆಸೋಕೆ? ಎಲೆ ಒಣಗಿ ಗಿಡ ಮಲಗಿದಾಗ ತೆಗಿಬೇಕಾ, ಚಿಗುರೋವಾಗಲಾ? ಬೆಳೆಸಿ ನೋಡಿರೋರು ಹೇಳಿ. ಲೊಕೇಶನ್ ಮಾತ್ರ ಇಲ್ಲಿ ಹಾಕಲ್ಲ, ಬೇಜಾರಾಗ್ಬೇಡಿ, ಕಿತ್ಕೊಂಡು ಹೋಗೋರು ಜಾಸ್ತಿ.